ಪ್ಲಾಟ್ ನಂಬರ್ ನಲವತ್ತೆರಡರ ಕಲ್ಲು

ರಾಣೆಬೆನ್ನೂರು ಪೇಟೆಯಲ್ಲಿ ಮದುವೆಗೆ ಭಾಂಡೆ ಕೊಂಡವರು ಯಾರೇ ಇರಲಿ, ಅದರ ಮೇಲೆ ಹೆಸರು ಹಾಕಿಸಲು ಕೊಟ್ರೇಶನ ಮುಂದೆ ಕುಕ್ಕರುಗಾಲಿನಲ್ಲಿ ಕೂಡಲೇಬೇಕಿತ್ತು. ಭಾಂಡೆ ಅಂಗಡಿಯ ಕಟ್ಟೆಯ ಮೇಲೊಂದು ಗೋಣಿತಟ್ಟು, ಕೈಯಲ್ಲಿ ಗುಂಯ್ ಎನ್ನುವ ಕೊರೆಯುವ ಮಷೀನು, ಮೂಗಿನ ತುದಿಗೆ ಕನ್ನಡಕ. ಇಷ್ಟೇ ಬಂಡವಾಳದಲ್ಲಿ ಅವನು ಇಪ್ಪತ್ತೆರಡು ವರ್ಷ ಊರ ಜನರ ಕೊಡ, ತಂಬಿಗೆ, ಹರಿವಾಣಗಳ ಮೇಲೆ ಅವರವರ ಹೆಸರನ್ನು ಅಳಿಸಲಾಗದಂತೆ ಮಾಡಿದ್ದ. ಅವನ ಕೆಲಸಕ್ಕೊಂದು ಶಿಸ್ತಿತ್ತು. ಮೇಲೆ ಪಡೆದವರ ಹೆಸರು, ಕೆಳಗೆ ಊರು, ಆಮೇಲೆ ದಿನಾಂಕ, ತಳದಲ್ಲಿ 'ಇಂದ' ಎಂದು ಹಾಕಿ ಕೊಟ್ಟವರ ಹೆಸರು, ಎರಡು ಮೂಲೆಗೆ ಬಳ್ಳಿ, ನಡುವೆ ಒಂದು ದೀಪ. ಯಾರಾದರೂ "ದಿನಾಂಕ ಬ್ಯಾಡ್ರಿ" ಅಂದರೆ, "ಹಂಗಾರ ಬ್ಯಾರೇ ಕಡೆ ಹೋಗ್ರಿ" ಎನ್ನುವಷ್ಟು ಸ್ವಾಭಿಮಾನಿ. ಬೇರೆ ಕಡೆ ಎಂಬುದು ಪೇಟೆಯಲ್ಲಿ ಇರಲಿಲ್ಲವಾದ್ದರಿಂದ ಜನ ತೆಪ್ಪಗೆ ದಿನಾಂಕ ಹಾಕಿಸಿಕೊಳ್ಳುತ್ತಿದ್ದರು.

ಇಂಥ ಕೊಟ್ರೇಶ ಭೂಮಾಲಕನಾದದ್ದು 2020ರ ಫೆಬ್ರವರಿಯಲ್ಲಿ. ಬ್ಯಾಡಗಿ ರಸ್ತೆಯಲ್ಲಿ 'ಹೊಂಬೆಳಕು ನಗರ' ಎಂಬ ಹೊಸ ಲೇಔಟ್ ಆಗಿತ್ತು. ನಗರ ಎಂಬುದು ಬೋರ್ಡಿನಲ್ಲಿ, ಹೊಂಬೆಳಕು ಎಂಬುದು ಸಂಜೆ ಹೊತ್ತಿನಲ್ಲಿ. ಉಳಿದಂತೆ ಅದು ಜೋಳದ ಕೊಯ್ಲಾದ ಹೊಲ. ಲೇಔಟ್ ಮಾಡಿದ ಯುವರಾಜ ಎಂಬ ಕಪ್ಪು ಕನ್ನಡಕದ ಮನುಷ್ಯ, "ಎರಡು ವರ್ಷ ತಡೀರಿ ಅಣ್ಣಾರ, ಡಬಲ್ ಆಗದಿದ್ರ ನನ್ನ ಹೆಸರು ಬದಲಿ ಮಾಡಿಕೋತೇನಿ" ಎಂದಿದ್ದ. ಕೊಟ್ರೇಶ ತನ್ನ ಇಪ್ಪತ್ತೆರಡು ವರ್ಷದ ಉಳಿತಾಯವನ್ನೂ ಹೆಂಡತಿ ಪ್ರೇಮವ್ವನ ಕೊರಳ ಬೋರಮಾಳ, ಕೈಯ ಬಂಗಾರದ ಪಾಟ್ಲಿಗಳನ್ನೂ ಕೂಡಿಸಿ, ಎಂಟೂವರೆ ಲಕ್ಷಕ್ಕೆ ಮೂವತ್ತು-ನಲವತ್ತರ ಪ್ಲಾಟ್ ನಂಬರ್ ನಲವತ್ತೆರಡನ್ನು ಖರೀದಿ ಹಾಕಿಸಿಕೊಂಡ. ಪಾಟ್ಲಿ ಬಿಚ್ಚಿಕೊಡುವಾಗ ಪ್ರೇಮವ್ವ ಒಂದೇ ಮಾತು ಹೇಳಿದ್ದಳು: "ಈ ಜಾಗಾ ಮುಳುಗಿತಂದ್ರ ನಿಮ್ಮನ್ನೂ ಕೂಡಿಸಿ ಮುಳುಗಿಸ್ತೇನಿ ನೋಡ್ರಿ."

ಮುಂದಿನ ತಿಂಗಳೇ ಕೊರೊನಾ ಬಂತು, ಲಾಕ್‌ಡೌನ್ ಬಂತು. ಮದುವೆಗಳು ನಿಂತವು, ಭಾಂಡೆ ಅಂಗಡಿಗೆ ಕೀಲಿ ಬಿತ್ತು. ಊರೆಲ್ಲ ಜೀವದ ಚಿಂತೆಯಲ್ಲಿದ್ದರೆ ಕೊಟ್ರೇಶನಿಗೆ ಜಾಗದ ಚಿಂತೆ. ಟಿವಿಯಲ್ಲಿ ಟೈ ಕಟ್ಟಿದ ಒಬ್ಬರು ಭೂಮಿಯ ಬೆಲೆ ಅರ್ಧಕ್ಕೆ ಇಳಿಯುತ್ತದೆ ಎಂದರು. ಇನ್ನೊಂದು ಚಾನೆಲ್ಲಿನಲ್ಲಿ ಟೈ ಇಲ್ಲದವರು ಕಾಲುಭಾಗಕ್ಕೆ ಇಳಿಯುತ್ತದೆ ಎಂದರು. ಯುವರಾಜನ ಫೋನು ಸ್ವಿಚ್ ಆಫ್ ಆಯಿತು. ಕಡೆಗೆ ಪ್ಲಾಟ್ ಮಾಲಕರ ವಾಟ್ಸಾಪ್ ಗ್ರೂಪಿನಲ್ಲಿ ಪ್ಲಾಟ್ ನಲವತ್ತೊಂದರ ಹನುಮೇಶ ಒಂದು ಸುದ್ದಿ ಹಾಕಿದ: 'ಹೊಲದ ಹಳೇ ಮಾಲಕ ನಮ್ಮ ಪ್ಲಾಟ್‌ಗಳನ್ನು ಕುಂಟೆ ಹೊಡೆದು ಹರಗುತ್ತಿದ್ದಾನೆ. ಕುರಿಯವರು ಗಡಿಕಲ್ಲು ಕಿತ್ತು ಒಲೆ ಹೂಡಿದ್ದಾರೆ.' ಅದನ್ನು ಓದಿದ ಕೊಟ್ರೇಶ ಅರ್ಧ ರೊಟ್ಟಿಗೇ ತಾಟು ಸರಿಸಿ ಎದ್ದ.

ಎರಡು ದಿನ ಯೋಚಿಸಿ ಅವನೊಂದು ಉಪಾಯ ಕಂಡುಹಿಡಿದ. ಯಾವ ಕುರಿಯವನೂ ಕೀಳಲಾಗದಂಥ ದೊಡ್ಡ ಕಲ್ಲು, ಅದರ ಮೇಲೆ ಕಟ್ಟಲಿರುವ ಮನೆಯ ಹೆಸರು! ಹೆಸರು ಯಾರದು? ಇಲ್ಲಿ ಕೊಟ್ರೇಶ ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯಲು ಹೋದ. ಪ್ರೇಮವ್ವನ ಸೋದರಮಾವ ಹಾಲಸಿದ್ದಪ್ಪನವರು ಹೊಸರಿತ್ತಿಯಲ್ಲಿದ್ದರು. ವಯಸ್ಸು ಎಪ್ಪತ್ತನಾಲ್ಕು, ಹೊಳೆ ದಂಡೆಗೆ ನಾಲ್ಕೆಕರೆ, ಬ್ಯಾಂಕಿನಲ್ಲಿ ಗಂಟು, ಹಿಂದೆ ಮುಂದೆ ಯಾರೂ ಇಲ್ಲ. ಮನೆಗೆ ಅವರ ಹೆಸರಿಟ್ಟರೆ ಮನೆ ಕಟ್ಟಲು ಅವರು ಕೈ ಬಿಚ್ಚದೆ ಇರುತ್ತಾರೆಯೇ? ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆ ಇರುವುದು ಇಂಥವರಿಗಾಗಿಯೇ.

ಹಿತ್ತಲಲ್ಲಿ ಒರಗಿಸಿದ್ದ ಮೂರಡಿಯ ಕಡಪ ಕಲ್ಲನ್ನು ತೊಳೆದು, ನಾಲ್ಕು ದಿನ ಮಷೀನು ಗುಂಯ್‌ಗುಟ್ಟಿಸಿ, ಕೊರೆದ ಗೆರೆಗೆ ಬಿಳಿ ಬಣ್ಣ ತುಂಬಿದ. 'ಶ್ರೀ ಹಾಲಸಿದ್ದಪ್ಪ' ಎಂಬ ಅಕ್ಷರಗಳು ಎಷ್ಟು ದಪ್ಪ ಬಂದವೆಂದರೆ ಪಕ್ಕದಲ್ಲಿ 'ನಿಲಯ' ಎಂದು ಬರೆಯಲು ಜಾಗ ಉಳಿಯಲಿಲ್ಲ. ಇರಲಿ, ಮನೆ ಕಟ್ಟಿದ ಮೇಲೆ ಮನೆ ಎಂದು ಗೊತ್ತಾಗಿಯೇ ಆಗುತ್ತದೆ ಎಂದುಕೊಂಡ. ಕೆಳಗೆ ಶಿಸ್ತಿನ ಪ್ರಕಾರ 'ಹೊಸರಿತ್ತಿ', ಅದರ ಕೆಳಗೆ ಕಲ್ಲು ನೆಡಲು ತೆಗೆದ ಅಕ್ಷಯ ತದಿಗೆಯ ಮುಹೂರ್ತ 'ದಿ. 26-4-2020', ತಳದಲ್ಲಿ 'ಇಂದ: ಸೌ. ಪ್ರೇಮವ್ವ ಕೊಟ್ರೇಶ'. ಮೂಲೆಗೆ ಬಳ್ಳಿ, ನಡುವೆ ದೀಪ.

ಪ್ರೇಮವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಓದಿದಳು. "ಯಾಕೋ ಏನೋ, ಓದಿದ್ರ ಎದಿ ಧಸಕ್ ಅಂತೈತ್ರಿ" ಎಂದಳು.

"ಕಲಾ ಅಂದ್ರ ಹಂಗ. ಎದೀಗೆ ತಟ್ಟಬೇಕು" ಎಂದ ಕೊಟ್ರೇಶ.

ಕಲ್ಲು ಸಾಗಿಸುವುದು ಹೇಗೆ? ಆಗ ರಸ್ತೆಗೆ ಬಿಡುತ್ತಿದ್ದುದು ಹಾಲು, ಔಷಧ, ತರಕಾರಿಗೆ ಮಾತ್ರ. ಪಕ್ಕದ ಓಣಿಯ ಜಹಾಂಗೀರನ ಗೂಡ್ಸ್ ಆಟೋಕ್ಕೆ ತರಕಾರಿ ಪಾಸು ಇತ್ತು. ಕಲ್ಲನ್ನು ಅಡ್ಡ ಮಲಗಿಸಿ, ಮೇಲೆ ಎರಡು ಚೀಲ ಬದನೆಕಾಯಿ ಸುರುವಿ, ತದಿಗೆಯ ಬೆಳಿಗ್ಗೆ ಇಬ್ಬರೂ ಹೊರಟರು. ತಾಲೂಕಿನ ಗಡಿಯ ಚೆಕ್‌ಪೋಸ್ಟಿನಲ್ಲಿ ಹವಾಲ್ದಾರ ಸೋಮಪ್ಪ ನಿಂತಿದ್ದರು. ಹಿಂದಿನ ದಿನವೇ ಕುಂಬಳಕಾಯಿಯ ಕೆಳಗೆ ಬ್ರಾಂದಿ ಹಿಡಿದಿದ್ದರಿಂದ ಅವರು ಯಾವ ಕಾಯಿಪಲ್ಲೆಯನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಲಾಠಿಯನ್ನು ಬದನೆಕಾಯಿಯೊಳಗೆ ತೂರಿಸಿದರು. ಟಣ್ ಎಂದಿತು.

"ತಗೀರಿ" ಎಂದರು ಸೋಮಪ್ಪ.

ಬದನೆಕಾಯಿ ಸರಿಸಿದ ಹಾಗೆ ಕಲ್ಲು ಅಕ್ಷರ ಅಕ್ಷರವಾಗಿ ಬೆಳಕಿಗೆ ಬಂತು. ಮೊದಲು ದೀಪ, ಆಮೇಲೆ 'ಶ್ರೀ ಹಾಲಸಿದ್ದಪ್ಪ', ಆಮೇಲೆ ಅವತ್ತಿನದೇ ದಿನಾಂಕ. ಸೋಮಪ್ಪನವರ ಮುಖ ಮೆತ್ತಗಾಯಿತು. ಲಾಠಿಯನ್ನು ಬಗಲಿಗೆ ಸಿಕ್ಕಿಸಿ ಟೋಪಿ ತೆಗೆದರು.

"ಅಯ್ಯೋ ಪಾಪ. ಇವತ್ತ ತೀರಿಕೊಂಡ್ರೇನ್ರಿ?"

ಕೊಟ್ರೇಶ ನಿಜ ಹೇಳಲೆಂದೇ ಬಾಯಿ ತೆರೆದ. ಆದರೆ ಪ್ಲಾಟಿಗೆ ಕಲ್ಲು ನೆಡಲು ಹೊರಟಿದ್ದೇನೆ ಎಂದರೆ ಆಟೋ ಜಪ್ತಿಯಾಗುತ್ತದೆ. ಜಹಾಂಗೀರ ಕನ್ನಡಿಯಲ್ಲಿ ಅವನನ್ನೇ ಕೆಂಗಣ್ಣಿನಿಂದ ನೋಡುತ್ತಿದ್ದ.

"ಹೌದ್ರಿ. ಬೆಳಿಗ್ಗೆ" ಎಂದುಬಿಟ್ಟ ಕೊಟ್ರೇಶ.

"ಕಲ್ಲು ಇಷ್ಟ ಲಗೂ ಆತೇನ್ರಿ?"

"ನಾನ ಕೊರದೇನ್ರಿ."

"ಭಾಳ ಜೀವ ಇತ್ತು ಬಿಡ್ರಿ ನಿಮಗ ಅವರ ಮ್ಯಾಲ" ಎಂದು ಸೋಮಪ್ಪ ಗದ್ಗದಿತರಾದರು. "ಮಣ್ಣು ಎಲ್ಲಿ ಮಾಡತೀರಿ?"

"ಸ್ವಂತ ಜಾಗಾದಾಗ್ರಿ. ಹೊಂಬೆಳಕು ನಗರ, ಪ್ಲಾಟ್ ನಂಬರ್ ನಲವತ್ತೆರಡು."

ಸ್ವಂತ ಹೊಲದಲ್ಲಿ ಹಿರಿಯರನ್ನು ಮಣ್ಣು ಮಾಡುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಸೋಮಪ್ಪ ತಲೆಯಾಡಿಸುತ್ತ ರಿಜಿಸ್ಟರಿನಲ್ಲಿ ಬರೆದುಕೊಂಡರು. "ಏನಾಗಿತ್ರಿ ಅವರಿಗೆ?"

ಜಗತ್ತಿನಲ್ಲಿ ಸಾವಿರ ರೋಗಗಳಿವೆ. ಸಕ್ಕರೆ ರೋಗ ಇದೆ, ಬಿಪಿ ಇದೆ, ಹಾವು ಕಡಿಯುವುದಿದೆ, ಮರದಿಂದ ಬೀಳುವುದಿದೆ. ಇವೆಲ್ಲವನ್ನೂ ಬಿಟ್ಟು ಕೊಟ್ರೇಶ ಹೇಳಿದ: "ಏನೂ ಇಲ್ರಿ. ಎರಡು ದಿನ ಕೆಮ್ಮು, ಸಣ್ಣಗೆ ಜ್ವರಾ."

ಸೋಮಪ್ಪ ಮೂರು ಹೆಜ್ಜೆ ಹಿಂದೆ ಸರಿದರು. ಉಳಿದ ಎರಡು ಸಾಲನ್ನು ಕೈ ನೀಡಿ ದೂರದಿಂದಲೇ ಬರೆದರು. "ಹೋಗ್ರಿ, ಲಗೂ ಹೋಗ್ರಿ" ಎಂದು ಟೋಪಿಯಿಂದಲೇ ದಾರಿ ತೋರಿಸಿದರು.

ಪ್ಲಾಟಿನಲ್ಲಿ ಕೆಲಸ ಸುಸೂತ್ರವಾಗಿ ಮುಗಿಯಿತು. ಒಂದಡಿ ಗುಂಡಿ ತೋಡಿ, ಕಲ್ಲು ನಿಲ್ಲಿಸಿ, ಬುಡಕ್ಕೆ ಮಣ್ಣು ಏರಿಸಿ, ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದ. ಕಲ್ಲಿನ ಪಕ್ಕ ಕೈ ಮುಗಿದು ನಿಂತು ಜಹಾಂಗೀರನಿಂದ ಫೋಟೊ ತೆಗೆಸಿದ. ಹಳೇ ಮಾಲಕನಿಗೂ ಕುರಿಯವರಿಗೂ ಮುಟ್ಟಲಿ ಎಂದು ಗ್ರೂಪಿಗೆ ಹಾಕಿ ಕೆಳಗೆ ಬರೆದ: 'ಇಂದು ನಮ್ಮ ಜಾಗದಲ್ಲಿ ಕಾರ್ಯ ಮುಗಿಸಿದೆವು. ಇನ್ನು ಇಲ್ಲಿಂದ ಯಾರಪ್ಪನೂ ಎಬ್ಬಿಸಲು ಆಗುವುದಿಲ್ಲ.'

ಐದು ನಿಮಿಷಕ್ಕೆ ಹನುಮೇಶ 'ಓಂ ಶಾಂತಿ' ಎಂದು ಹಾಕಿದ. ಅದರ ಹಿಂದೆಯೇ ಮೂವತ್ತೆಂಟು ಜನ ಕೈ ಮುಗಿದರು. ತನ್ನ ಕಲ್ಲಿಗೆ ಇಷ್ಟೊಂದು ಭಕ್ತಿ ಸಿಕ್ಕೀತೆಂದು ಕೊಟ್ರೇಶ ಅಂದುಕೊಂಡಿರಲಿಲ್ಲ. ಹಿಗ್ಗಿನಿಂದ ಮನೆಗೆ ಬಂದು ಹೊಟ್ಟೆತುಂಬ ಹೋಳಿಗೆ ಉಂಡು ಮಲಗಿದ.

ಮರುದಿನ ಮುಂಜಾನೆ ಬಾಗಿಲು ತೆರೆದರೆ ಓಣಿಯ ಎರಡೂ ತುದಿಗೆ ತಗಡು ಬಡಿಯುತ್ತಿದ್ದರು. ಮೈತುಂಬ ಬಿಳಿ ಗವಸು ತೊಟ್ಟ ಇಬ್ಬರು ಮನೆಯ ಮುಂದೆ ಔಷಧಿ ಹೊಡೆಯುತ್ತಿದ್ದರು. ಆಶಾ ಕಾರ್ಯಕರ್ತೆ ಭುವನಾ ಹೊಸ್ತಿಲಿನಿಂದ ಆರಡಿ ದೂರ ನಿಂತು ಫಾರ್ಮು ತೆಗೆದಳು.

"ಅಣ್ಣಾರ, ಸತ್ತವರ ಸಂಗಡ ಎಷ್ಟು ದಿನ ಇದ್ರಿ?"

"ಯಾರವ್ವಾ ಸತ್ತವರು?"

"ಹಾಲಸಿದ್ದಪ್ಪನವರು. ನಮ್ಮ ಜಿಲ್ಲಾದಾಗ ಇನ್ನೂ ಒಂದೂ ಕೇಸ್ ಇರಲಿಲ್ರಿ. ಸೊನ್ನಿ ಇತ್ತು. ಆ ಸೊನ್ನಿ ಕಾಯಾಕ ಹಗಲೆಲ್ಲಾ ಓಣಿ ಓಣಿ ತಿರಗೇವಿ. ನೀವು ಒಂದ ದಿನದಾಗ ಕೆಡಿಸಿದ್ರಿ" ಎಂದಳು.

ಕೊಟ್ರೇಶನಿಗೆ ಆಗ ಸೋಮಪ್ಪನ ರಿಜಿಸ್ಟರು, ಗ್ರೂಪಿನ ಓಂ ಶಾಂತಿ ಎಲ್ಲವೂ ಒಟ್ಟಿಗೆ ಹೊಳೆದವು. ಹೊಸ್ತಿಲ ಮೇಲೆ ಕುಕ್ಕರಿಸಿ ನಡೆದದ್ದನ್ನೆಲ್ಲ ಹೇಳಿದ. ಭುವನಾ ತಾಳ್ಮೆಯಿಂದ ಕೇಳಿಸಿಕೊಂಡಳು. "ಸತ್ತಾರಂತ ಹೇಳಿದವ್ರೂ ನೀವ, ಬದಕ್ಯಾರ ಅನ್ನವ್ರೂ ನೀವ. ತಗಡು ಬಡದ ಮ್ಯಾಲ ಎಲ್ಲಾರೂ ಹಿಂಗ ಮಾತು ತಿರಗಸ್ತಾರ್ರಿ" ಎಂದು ಅವನ ಕೈಗೆ ಸೀಲು ಒತ್ತಿ ಹೋದಳು. ಜಹಾಂಗೀರನ ಕೈಗೂ ಸೀಲು ಬಿತ್ತು. ಆಟೋದಲ್ಲಿ ಉಳಿದಿದ್ದ ಬದನೆಕಾಯಿಯನ್ನು ಗುಂಡಿ ತೋಡಿ, ಬ್ಲೀಚಿಂಗ್ ಪೌಡರ್ ಹಾಕಿ, ಸರ್ಕಾರಿ ಕ್ರಮದಲ್ಲಿ ಹೂಳಲಾಯಿತು. ನಿಜವಾಗಿ ಮಣ್ಣಾದದ್ದು ಅದೊಂದೇ.

ಎದುರು ಮನೆಯ ಗುತ್ತೆವ್ವ ಮಾಳಿಗೆಯ ಮೇಲಿಂದ ಕೂಗಿದಳು: "ಏ ಪ್ರೇಮವ್ವಾ, ನಿಮ್ಮ ಮಾವಾರು ತೀರಿಕೊಂಡ್ರಂತಲ್ಲಾ, ನಿನ್ನೆ ಹೋಳಿಗಿ ವಾಸನಿ ಬರಾಕತ್ತಿತ್ತಲ್ಲವಾ!" ಸತ್ತ ದಿನವೇ ಹೋಳಿಗೆ ಮಾಡಿ ಉಂಡರು ಎಂಬ ಸುದ್ದಿ ತಗಡು ದಾಟಿ ಹೊಸರಿತ್ತಿಯ ತನಕ ಮುಟ್ಟಿತು.

ಅಷ್ಟರಲ್ಲಿ ಒಂದು ತಿಂಗಳಿನಿಂದ ಸತ್ತಿದ್ದ ಯುವರಾಜನ ಫೋನಿಗೆ ಜೀವ ಬಂತು.

"ಕೊಟ್ರೇಶಣ್ಣಾ! ಲೇಔಟ್‌ನ್ಯಾಗ ಹೆಣಾ ಹುಗದೀರಂತಲ್ಲಾ? ಅದೂ ಕೊರೊನಾ ಹೆಣಾ! ಅರವತ್ತು ಜನ ರೊಕ್ಕಾ ವಾಪಸ್ ಕೇಳಾಕತ್ತಾರ. ಈಗ ಆ ಜಾಗಾ ಪುಕ್ಕಟೆ ಕೊಟ್ರೂ ಒಂದು ನಾಯಿ ಬಂದು ಮಲಗೂದಿಲ್ಲ. ನಿಮ್ಮ ನಲವತ್ತೆರಡಕ್ಕಂತೂ ಇನ್ನ ಮ್ಯಾಲ ರೇಟ ಇಲ್ಲ ತಿಳೀರಿ!"

ಸತ್ತಿಲ್ಲ ಎಂದರೆ ಪೊಲೀಸರಿಗೆ ಸುಳ್ಳು ಹೇಳಿದ ಕೇಸು. ಸತ್ತಿದ್ದಾರೆ ಎಂದರೆ ಎಂಟೂವರೆ ಲಕ್ಷ ಮಣ್ಣುಪಾಲು. ಕೊಟ್ರೇಶ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದ. ಪ್ರೇಮವ್ವ ಮೂಲೆಯಲ್ಲಿ ಕೂತು ಬೋಳು ಕೈಗಳನ್ನು ನೋಡಿಕೊಳ್ಳುತ್ತ ಅತ್ತಳು. "ನನ್ನ ಪಾಟ್ಲಿ ಮ್ಯಾಲ ಹೆಣಾ ಕುಂದರಿಸಿದ್ರೆಲ್ಲಾ! ಅದೂ ಜೀವಂತ ಇರೂ ಮನಶ್ಯಾನ್ನ!" ಅವಳ ಅಳುವನ್ನು ನೋಡಿ ಕೊಟ್ರೇಶನಿಗೆ ನಿಜವಾಗಿಯೂ ದುಃಖವಾಯಿತು. ಮದುವೆಯಾದಾಗಿನಿಂದ ಅವಳು ಅವನ ಮುಂದೆ ಅತ್ತದ್ದು ಅದೇ ಮೊದಲು.

ಇತ್ತ ಹೊಸರಿತ್ತಿಯಲ್ಲಿ ಹಾಲಸಿದ್ದಪ್ಪನವರು ಎಮ್ಮೆ ಮೈ ತೊಳೆಯುತ್ತಿದ್ದಾಗ ಅವರ ಗುಂಡಿ ಒತ್ತುವ ಹಳೇ ಫೋನು ಬಡಿಯಿತು. ತಾಲೂಕಿನ ಕಂದಾಯ ನಿರೀಕ್ಷಕರು ಮಾತನಾಡಿದರು.

"ಹಾಲಸಿದ್ದಪ್ಪನವರ ಮನಿಯವರೇನ್ರಿ?"

"ನಾನ ಹಾಲಸಿದ್ದಪ್ಪ."

"ನೋಡ್ರಿ, ದುಃಖದಾಗ ಚಾಷ್ಟಿ ಮಾಡಬಾರದು. ಮನಿಯಾಗ ದೊಡ್ಡವರು ಯಾರರ ಇದ್ರ ಅವರ ಕೈಯಾಗ ಫೋನ್ ಕೊಡ್ರಿ."

"ನಾನ ದೊಡ್ಡವ. ನಾನ ಸಣ್ಣವ. ನಾ ಒಬ್ಬನ ಇರೂದು."

"ಸತ್ತವರ ಮನಿಯವರು ಸಹಕರಿಸೂದಿಲ್ಲ" ಎಂದು ಯಾರಿಗೋ ಹೇಳಿ ನಿರೀಕ್ಷಕರು ಫೋನು ಇಟ್ಟರು. ಅಂದು ಸಂಜೆಯೊಳಗೆ ಹಾಲಸಿದ್ದಪ್ಪನವರು ತಮ್ಮ ಸಾವಿನ ಬಗ್ಗೆ ಹತ್ತೊಂಬತ್ತು ಜನರಿಂದ ಸಾಂತ್ವನ ಪಡೆದರು. ಇಪ್ಪತ್ತನೆಯವನು, "ಹೋದವರು ಹೋದ್ರು, ಆ ನಾಲ್ಕೆಕರೆ ಯಾರ ಹೆಸರಿಗೆ ಐತ್ರಿ?" ಎಂದು ಕೇಳಿದಾಗ ಅವರು ಎದ್ದು ಧೋತರ ಕಟ್ಟಿದರು.

ಮೂರನೆಯ ದಿನ ಹೊಂಬೆಳಕು ನಗರದಲ್ಲಿ ಸ್ಥಳ ತನಿಖೆ. ಕಂದಾಯ ನಿರೀಕ್ಷಕರು ಬಂದರು, ಬಿಳಿ ಗವಸಿನವರು ಬಂದರು, ಭುವನಾ ಬಂದಳು, ಹವಾಲ್ದಾರ ಸೋಮಪ್ಪ ರಿಜಿಸ್ಟರ್ ಎದೆಗವಚಿಕೊಂಡು ಬಂದರು. ಸುಣ್ಣದ ಪುಡಿಯಿಂದ ವೃತ್ತ ಹಾಕಿ ಒಂದೊಂದರಲ್ಲಿ ಒಬ್ಬೊಬ್ಬ ಪ್ಲಾಟ್ ಮಾಲಕನನ್ನು ನಿಲ್ಲಿಸಿದರು. ಯುವರಾಜ ಕಪ್ಪು ಕನ್ನಡಕದ ಕೆಳಗೆ ಕಪ್ಪು ಮಾಸ್ಕು ಹಾಕಿ ಮುಖವೇ ಇಲ್ಲದವನಾಗಿದ್ದ. ಜೆಸಿಬಿ ಮೂತಿ ಎತ್ತಿಕೊಂಡು ಕಲ್ಲಿನ ಮುಂದೆ ನಿಂತಿತ್ತು. ಕೊಟ್ರೇಶ, ಪ್ರೇಮವ್ವ ಇಬ್ಬರನ್ನೂ ಆಂಬುಲೆನ್ಸಿನಲ್ಲಿ ಕರೆತಂದಿದ್ದರು.

"ಅಗೀರಿ" ಎಂದರು ನಿರೀಕ್ಷಕರು.

"ಒಳಗ ಏನೂ ಇಲ್ರೀ ಸಾಹೇಬ್ರ!" ಎಂದು ಕೊಟ್ರೇಶ ಅಳುತ್ತ ಕೈ ಮುಗಿದ.

"ಏನೂ ಇಲ್ಲದಿದ್ರ ಅಳತೀರಿ ಯಾಕ?" ಎಂದರು ನಿರೀಕ್ಷಕರು.

ಅಷ್ಟರಲ್ಲಿ ಹಾಲಿನ ಗಾಡಿಯೊಂದು ಲೇಔಟಿನ ಕಮಾನಿನ ಕೆಳಗೆ ನಿಂತಿತು. ಅದರಿಂದ ಇಳಿದವರು ಬಿಳಿ ಧೋತರ, ತಲೆಗೆ ರೇಷ್ಮೆ ಅಂಚಿನ ಪಟಗ, ಕೊರಳಿಗೆ ಸುತ್ತಿದ ವಲ್ಲಿ, ಕೈಯಲ್ಲಿ ಕೊಡೆ, ಹೀಗೆ ಮದುವೆಗೆ ಬಂದವರ ಹಾಗಿದ್ದರು. ಪ್ರೇಮವ್ವ "ಮಾವಾ!" ಎಂದು ಕಿರುಚಿದಳು. ಹಾಲಸಿದ್ದಪ್ಪನವರು ವೃತ್ತಗಳ ನಡುವೆ ನಡೆದು ಬಂದು ಕೊಟ್ರೇಶನ ಮುಂದೆ ನಿಂತರು. ಹೆಣ್ಣು ಕೊಟ್ಟ ಮನೆಯವರ ಮರ್ಯಾದೆಯನ್ನು ಅವರು ಸಿಟ್ಟಿನಲ್ಲೂ ಬಿಡುವವರಲ್ಲ.

"ಅಳಿಯಂದ್ರ, ನನ್ನ ಮಣ್ಣು ಚಂದಾಗಿ ಆತೇನ್ರಿ?"

ಕೊಟ್ರೇಶ ಉತ್ತರಿಸುವ ಮೊದಲೇ ನಿರೀಕ್ಷಕರು ಅಡ್ಡ ಬಂದು ಪಾಸು ಕೇಳಿದರು. ಹಾಲಸಿದ್ದಪ್ಪನವರು ಪಟಗದೊಳಗಿಂದ ತೆಗೆದುಕೊಟ್ಟರು. ನಿರೀಕ್ಷಕರು ಗಟ್ಟಿಯಾಗಿ ಓದತೊಡಗಿ ಬರಬರುತ್ತ ಮೆತ್ತಗಾದರು. "ಪ್ರಯಾಣಿಕರ ಹೆಸರು: ಹಾಲಸಿದ್ದಪ್ಪ. ಪ್ರಯಾಣದ ಕಾರಣ: ಅಂತ್ಯಸಂಸ್ಕಾರ. ಮೃತರ ಹೆಸರು: ಹಾಲಸಿದ್ದಪ್ಪ. ಮೃತರೊಂದಿಗೆ ಸಂಬಂಧ: ಸ್ವತಃ."

"ಇದನ್ನ ಯಾರು ಕೊಟ್ರು?"

"ನಿಮ್ಮವರ ಕೊಟ್ಟಾರ. ಸುಮ್ನ ಹೋಗಾಕ ಪಾಸ್ ಇಲ್ಲ ಅಂದ್ರು. ಮಣ್ಣಿಗಾದ್ರ ಕೊಡತೇವಿ ಅಂದ್ರು. ಯಾರ ಮಣ್ಣು ಅಂದ್ರು. ನಂದ ಅಂದೆ. ಬರಕೊಂಡ್ರು."

ಆಧಾರ್ ಕಾರ್ಡು ತೆಗೆಸಿ ಮುಖದ ಪಕ್ಕ ಹಿಡಿದು ನೋಡಲಾಯಿತು. ಫೋಟೋದಲ್ಲಿದ್ದವರಿಗಿಂತ ಎದುರಿಗಿದ್ದವರೇ ಹೆಚ್ಚು ಜೀವಂತವಾಗಿ ಕಂಡರು. ಆದರೆ ನಿರೀಕ್ಷಕರ ಕಷ್ಟ ಬೇರೆಯೇ ಇತ್ತು. ಈ ಮನುಷ್ಯ ಬದುಕಿದ್ದರೆ ಸೋಮಪ್ಪನ ರಿಜಿಸ್ಟರ್ ತಪ್ಪು, ಭುವನಾಳ ಫಾರ್ಮು ತಪ್ಪು, ನಿನ್ನೆಯೇ ಹಾವೇರಿಗೆ ಕಳಿಸಿದ ತಮ್ಮ ವರದಿಯೂ ತಪ್ಪು. ಕೇಸು ಹಾಕಲು ಹೋದರೆ ಎಲ್ಲರೂ ಸಾಕ್ಷಿ ಹೇಳಬೇಕಾಗುತ್ತದೆ. ಬಹಳ ಹೊತ್ತು ಪೆನ್ನು ಕಚ್ಚಿ, ಕಡೆಗೆ ಜೆಸಿಬಿಯ ಮೂತಿಯ ಮೇಲೆ ಕಾಗದವಿಟ್ಟು ಬರೆದರು: 'ಮೃತರು ಸ್ಥಳಕ್ಕೆ ಖುದ್ದಾಗಿ ಹಾಜರಾಗಿ ತಾವು ಮೃತರಲ್ಲವೆಂದು ಹೇಳಿಕೆ ನೀಡಿರುತ್ತಾರೆ. ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.' ಕೊಟ್ರೇಶನಿಗೆ ಮಾಸ್ಕು ಮೂಗಿನ ಕೆಳಗೆ ಇಳಿದಿದ್ದಕ್ಕೆ ಇನ್ನೂರು ರೂಪಾಯಿ ದಂಡ ಹಾಕಿದರು. ಭುವನಾ ತನ್ನ ಸೊನ್ನೆ ಉಳಿಯಿತೆಂದು ಕಣ್ಣೊರೆಸಿಕೊಂಡಳು. ವೃತ್ತಗಳಲ್ಲಿ ನಿಂತವರು ಚಪ್ಪಾಳೆ ತಟ್ಟಿದರು.

ಹಾಲಸಿದ್ದಪ್ಪನವರು ಮಾತ್ರ ಯಾರನ್ನೂ ನೋಡಲಿಲ್ಲ. ಕಲ್ಲಿನ ಮುಂದೆ ಹೋಗಿ ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಓದಿದರು. ಬೆರಳಿನಿಂದ ದೀಪ ಸವರಿದರು. ಸುತ್ತ ಕಣ್ಣಾಡಿಸಿ, ಕೊಡೆಯ ತುದಿಯಿಂದ ನೆಲ ಕೆದಕಿ, ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿದರು. ಆಮೇಲೆ ಕಲ್ಲಿಗೆ ಬೆನ್ನು ಕೊಟ್ಟು ಚಕ್ಕಳ ಬಕ್ಕಳ ಹಾಕಿ ಕೂತು ಕಣ್ಣು ಮುಚ್ಚಿದರು.

"ಮಾವಾ, ಏನ್ ಮಾಡಾಕತ್ತೀರಿ?" ಎಂದಳು ಪ್ರೇಮವ್ವ ಗಾಬರಿಯಿಂದ.

"ತಡಿಯವಾ. ಜಾಗಾ ಚಲೋ ಐತಿ" ಎಂದರು ಹಾಲಸಿದ್ದಪ್ಪನವರು ಕಣ್ಣು ತೆರೆಯದೆ. "ನನ್ನ ಹೊಲ ಹೊಳಿ ದಂಡೀಗೈತಿ. ಮಳಿಗಾಲ ಬಂತಂದ್ರ ನೀರು ನಿಂದರತೈತಿ. ನಮ್ಮ ಮಂದೀನ್ನ ಕುಂದರಿಸಿ ಮಣ್ಣು ಮಾಡತಾರ. ಸೊಂಟಮಟಾ ನೀರಾಗ ಎಷ್ಟು ವರ್ಷ ಅಂತ ಕುಂದ್ರಲಿ? ನನಗ ಅದ ಒಂದು ಚಿಂತಿ ಇತ್ತು. ಇಲ್ಲಿ ಒಣಾ ನೆಲ, ಗಾಳಿ ಐತಿ, ಹೆಸರೂ ಕೊರದಾರ, ಸರಕಾರದ ರಿಜಿಸ್ಟರದಾಗೂ ಬಂದೈತಿ. ಅಳಿಯಂದ್ರ, ಇದನ್ನ ನನಗ ಕೊಟ್ಟಬಿಡ್ರಿ. ಹತ್ತು ಲಕ್ಷ ಕೊಡತೇನಿ. ಟೈಮ್ ಬಂದಾಗ ಇಲ್ಲೇ ಕುಂದರಸ್ರಿ."

ಚಪ್ಪಾಳೆ ನಿಂತಿತು. ಭೂಮಿಯ ಬೆಲೆ ಪಾತಾಳಕ್ಕೆ ಇಳಿದಿದೆ ಎಂದು ಅರವತ್ತು ಜನ ಒಂದು ತಿಂಗಳಿನಿಂದ ಎದೆ ಬಡಿದುಕೊಳ್ಳುತ್ತಿದ್ದಲ್ಲಿ, ಕೊಟ್ರೇಶನ ಪ್ಲಾಟಿಗೆ ನಿಂತ ನಿಲುವಿನಲ್ಲಿ ಒಂದೂವರೆ ಲಕ್ಷ ಲಾಭ! ಆದರೆ ಆ ಲಾಭ ಎಲ್ಲರ ಪ್ಲಾಟುಗಳ ನಡುವೆ ಶಾಶ್ವತವಾಗಿ ಚಕ್ಕಳ ಬಕ್ಕಳ ಹಾಕಿ ಕೂಡಲಿತ್ತು. ಮೊದಲು ಎಚ್ಚೆತ್ತವನು ಪಕ್ಕದ ಪ್ಲಾಟಿನ ಹನುಮೇಶ.

"ಹತ್ತೂವರಿ! ನಾ ತಗೋತೇನಿ! ನನ್ನ ಅಡಗಿಮನಿ ಖಿಡಕಿ ಈ ಕಡೆಗೇ ಬರತೈತ್ರೀ!"

"ಹನ್ನೊಂದು" ಎಂದರು ಹಾಲಸಿದ್ದಪ್ಪನವರು, ಕಣ್ಣು ಮುಚ್ಚಿಕೊಂಡೇ.

ವೃತ್ತದಿಂದ ವೃತ್ತಕ್ಕೆ ಕೂಗಾಟ ಶುರುವಾಯಿತು. ಒಬ್ಬನಿಗೇ ಹೊರೆಯಾಗುವುದು ಬೇಡ, ಎಲ್ಲರೂ ಪಟ್ಟಿ ಹಾಕಿ ಕೊಳ್ಳೋಣ, ಉದ್ಯಾನ ಮಾಡೋಣ ಎಂದು ಯುವರಾಜ ಸೂಚಿಸಿದ. ಬ್ರೋಷರಿನಲ್ಲಿ ಉದ್ಯಾನ ಎಂದು ಹಾಕಿ ಅವನೇ ಮಾರಿಕೊಂಡಿದ್ದ ಜಾಗವನ್ನು ಯಾರೋ ನೆನಪಿಸಿದರೂ ಅದಕ್ಕೆ ಆಗ ಯಾರಿಗೂ ಪುರುಸೊತ್ತಿರಲಿಲ್ಲ. ಹನ್ನೊಂದೂವರೆ, ಹನ್ನೆರಡು, ಹದಿಮೂರು. ಕಂದಾಯ ನಿರೀಕ್ಷಕರು ಹೋಗುವುದನ್ನು ಮರೆತು ತಾವೇ ಸವಾಲು ಕೂಗತೊಡಗಿದರು. ಕೂಗು ಹದಿನಾಲ್ಕಕ್ಕೆ ಮುಟ್ಟಿದಾಗ ಹಾಲಸಿದ್ದಪ್ಪನವರು ಕಣ್ಣು ತೆರೆದು ನಿಟ್ಟುಸಿರಿಟ್ಟರು.

"ಬ್ಯಾಡ ಬಿಡ್ರಿ. ಇಷ್ಟು ತುಟ್ಟಿ ಜಾಗಾದಾಗ ಕುಂತ್ರ ಸತ್ತ ಮ್ಯಾಲೂ ಸಮಾಧಾನ ಇರೂದಿಲ್ಲ."

ಹದಿನಾಲ್ಕು ಲಕ್ಷಕ್ಕೆ ಪ್ಲಾಟ್ ನಂಬರ್ ನಲವತ್ತೆರಡು ಪ್ಲಾಟ್ ಮಾಲಕರ ಬಳಗದ ಪಾಲಾಯಿತು. ಲಾಕ್‌ಡೌನಿನ ಆ ದಿನಗಳಲ್ಲಿ ಸುತ್ತಲಿನ ಊರುಗಳಲ್ಲಿ ಏರಿದ ಬೆಲೆ ಅದೊಂದೇ ಇರಬೇಕು. ಅಲ್ಲಿಯೇ ಮುಂಗಡ ಬಂತು. ಕೊಟ್ರೇಶ ಓಡಿಬಂದು ಸುಣ್ಣದ ಪುಡಿಯಲ್ಲೇ ಸಾಷ್ಟಾಂಗ ಬಿದ್ದು ಹಾಲಸಿದ್ದಪ್ಪನವರ ಪಾದ ಹಿಡಿದ.

"ಮಾವಾರ, ಎಂಥಾ ಆಟಾ ಆಡಿದ್ರಿ! ನನ್ನ ಉಳಿಸಿದ್ರಿ! ಇಂಥಾ ತಲಿ ಯಾರಿಗೂ ಬರೂದಿಲ್ಲರಿ!"

ಹಾಲಸಿದ್ದಪ್ಪನವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಯಾವ ಆಟಾ?"

"ಅದ್ರಿ... ಹತ್ತು ಲಕ್ಷ, ಹನ್ನೊಂದು ಲಕ್ಷ..."

"ನಾ ಖರೇನ ಕೇಳಿದ್ದೆ" ಎಂದರು ಹಾಲಸಿದ್ದಪ್ಪನವರು. ಅವರ ದನಿ ಸಣ್ಣಗಾಗಿತ್ತು. "ಎಪ್ಪತ್ತನಾಕು ವರ್ಷದಾಗ ನನ್ನ ಹೆಸರು ಯಾರೂ ಒಂದು ಚಮಚೆ ಮ್ಯಾಲೂ ಹಾಕಿಸಿದ್ದಿಲ್ಲ. ಕಲ್ಲು ನೋಡಿದ ಕೂಡಲೇ ಬೈಯಾಕ ಬಂದದ್ದು ಮರತೆ. ನನ್ನವರು ಅಂತ ಇಬ್ಬರರ ಅದಾರಲ್ಲ ಅನಿಸಿತು. ಮಾರೂವಾಗ ನೀವು ನನ್ನ ಮಾರಿ ಕಡೆ ಒಮ್ಮೆ ನೋಡಲಿಲ್ಲ ಅಳಿಯಂದ್ರ."

ಕೊಟ್ರೇಶನ ಕೈಯಲ್ಲಿದ್ದ ಮುಂಗಡದ ಚೆಕ್ಕು ಭಾರವಾಯಿತು. ಬಹಳ ನಾಚಿಕೆಯಾಯಿತು ಎಂದು ಹೇಳಿದರೆ ಕಡಿಮೆಯೇ. ಮಾತಾಡಿದವಳು ಪ್ರೇಮವ್ವ. ಗಂಡನ ಕೈಯಿಂದ ಚೆಕ್ಕು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೇಳಿದಳು: "ಮೊದಲ ಮಾವಾಗ ಒಂದು ಒಣಾ ಜಾಗಾ. ನನ್ನ ಪಾಟ್ಲಿ ಆಮ್ಯಾಲ. ನಿಮ್ಮ ಮನಿ ಕಡೀಕ."

ಲಾಕ್‌ಡೌನ್ ಸಡಿಲವಾದ ಮೇಲೆ ಮೂವರೂ ಜಹಾಂಗೀರನ ಆಟೋದಲ್ಲಿ ಜಾಗ ನೋಡಲು ಹೊರಟರು. ಬ್ಯಾಡಗಿಯಲ್ಲಿ ಮೂರು ಲೇಔಟು ನೋಡಿದರು, ರಾಣೆಬೆನ್ನೂರಿನಲ್ಲಿ ಐದು. ಪ್ರತಿ ಪ್ಲಾಟಿನಲ್ಲೂ ಹಾಲಸಿದ್ದಪ್ಪನವರು ಪೂರ್ವಕ್ಕೆ ಮುಖ ಮಾಡಿ, ಚಕ್ಕಳ ಬಕ್ಕಳ ಹಾಕಿ, ಕಣ್ಣು ಮುಚ್ಚಿ ಕಾಲು ತಾಸು ಕೂತು ನೋಡಿದರು. ಒಂದರಲ್ಲಿ ಇರುವೆ ಇದ್ದವು. ಒಂದರಲ್ಲಿ ರೈಲಿನ ಸದ್ದು. ಒಂದಂತೂ ಎಲ್ಲ ಚೆನ್ನಾಗಿದ್ದು, ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ ಎಂದು ಬಿಟ್ಟುಹೋಯಿತು. ಕಡೆಗೆ ಹಾವೇರಿಯ ಹೊರಗೆ, ಎತ್ತರದ ದಿಬ್ಬದ ಮೇಲಿನ ಒಂದು ಲೇಔಟಿನಲ್ಲಿ ಅವರು ಕೂತವರು ಅರ್ಧ ತಾಸಾದರೂ ಏಳಲಿಲ್ಲ.

ಅಲ್ಲಿಯ ಏಜೆಂಟ್ ಮೈಲೇಶ ಆರು ತಿಂಗಳಿನಿಂದ ಒಂದೂ ಗಿರಾಕಿ ಕಾಣದವನು. ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಂತಿದ್ದ. "ಅಜ್ಜಾರ, ಎಷ್ಟ ಮಳಿ ಆಗಲಿ, ಒಂದು ಹನಿ ನೀರು ನಿಂದ್ರೂದಿಲ್ರಿ. ಬರಕೊಡತೇನಿ ಬೇಕಾದ್ರ" ಎಂದ.

ಹಾಲಸಿದ್ದಪ್ಪನವರು ಒಂದು ಕಣ್ಣು ತೆರೆದರು. "ಬಾಜೂಕ ಯಾರು ಬರತಾರ?"

"ಒಬ್ರು ಸಾಲಿ ಮಾಸ್ತರ್ರು ತಗೊಂಡಾರ್ರಿ. ಮನಿ ಕಟ್ಟತಾರ. ಭಾಳ ಶಾಂತ ಮಂದಿರಿ. ಗದ್ಲಾ ಗಿದ್ಲಾ ಅಂದ್ರ ಅವರಿಗೆ ಆಗೂದಿಲ್ರಿ."

"ಕಟ್ಟಲಿ, ಚಂದಾಗಿ ಕಟ್ಟಲಿ" ಎಂದರು ಹಾಲಸಿದ್ದಪ್ಪನವರು ಮತ್ತೆ ಕಣ್ಣು ಮುಚ್ಚುತ್ತ. "ನನ್ನಿಂದ ಅವರಿಗೇನೂ ತ್ರಾಸಿಲ್ಲ. ನಾ ಒಮ್ಮೆ ಬಂದು ಕುಂತೆ ಅಂದ್ರ ಮುಗೀತು, ಮಾತ ಆಡಾವಲ್ಲ."

ಇಷ್ಟು ಸಾಧು ಗಿರಾಕಿ ಸಿಕ್ಕಿದ್ದಕ್ಕೆ ಮೈಲೇಶನಿಗೆ ಹಿಗ್ಗು ತಡೆಯಲಾಗಲಿಲ್ಲ. ಮಾಸ್ತರಿಗೆ ಆಗಲೇ ಫೋನು ಹಚ್ಚಿ, ನಿಮ್ಮ ಬಾಜೂಕ ದೇವರಂಥ ಅಜ್ಜಾರು ಬಂದು ಇರತಾರ್ರಿ ಎಂದು ಹೇಳಿದ.